ಕಿವಿ, ಉಂಗುರ, ಸ್ಟುಡಿಯೋ ಮೊಹರು

ಟಿಪ್ಪು ಜಯಂತಿಯ ಪರ-ವಿರೋಧದ ಗಲಾಟೆ ಜೋರಾಗಿದ್ದ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಓಡಾಡಿತು. ಗಡ್ಡ ಬಿಟ್ಟ, ತಲೆಗೆ ವಸ್ತ್ರ ಸುತ್ತಿದ, ಗಂಭೀರ ಮುಖದ ಮನುಷ್ಯ. ಪಠ್ಯಪುಸ್ತಕದಲ್ಲಿರುವ ಚಿತ್ರ ಸುಳ್ಳು, ಟಿಪ್ಪುವಿನ ಅಸಲಿ ಮುಖ ಇದು, ಫೋಟೋ ಲಂಡನ್ನಿನಲ್ಲಿ ಸಿಕ್ಕಿದೆ ಎಂಬ ಒಕ್ಕಣೆ ಬೇರೆ. ಫೋಟೋ ಏನೋ ಅಸಲಿಯೇ. ಆದರೆ ಅದರಲ್ಲಿದ್ದವನು ಜಾಂಜಿಬಾರಿನ ಹಮದ್ ಬಿನ್ ಮುಹಮ್ಮದ್ ಎಂಬ ದಂತ ಮತ್ತು ಗುಲಾಮರ ವ್ಯಾಪಾರಿ. 1905ರಲ್ಲಿ ತೀರಿಕೊಂಡ ಈತನಿಗೆ ‘ಟಿಪ್ಪು ಟಿಪ್’ ಎಂಬ ಅಡ್ಡಹೆಸರಿತ್ತು. ಅರ್ಧ ಹೆಸರು ಹೊಂದಿತು. ಉಳಿದರ್ಧವನ್ನು ಫಾರ್ವರ್ಡ್ ಮಾಡುವವರ ಉತ್ಸಾಹ ತುಂಬಿಕೊಟ್ಟಿತು.

ಇದನ್ನು ಬಯಲು ಮಾಡಲು ಮೂಗು, ಹುಬ್ಬು ಅಳೆಯುತ್ತ ಕೂರಬೇಕಿರಲಿಲ್ಲ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಡಾಗೆರ್‌ನ ಛಾಯಾಗ್ರಹಣ ವಿಧಾನ ಪ್ಯಾರಿಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ನಡುವೆ 40 ವರ್ಷಗಳ ಅಂತರ. ಕ್ಯಾಲೆಂಡರ್ ನೋಡಿದವರಿಗೆ ಅಲ್ಲಿಗೇ ಮಾತು ಮುಗಿಯಿತು.

ಎಲ್ಲ ಹಳೆಯ ಫೋಟೋಗಳೂ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕಾಲ ಹೊಂದುತ್ತದೆ, ಊರು ಹೊಂದುತ್ತದೆ, ಮುಖವೂ ಸುಮಾರಾಗಿ ಹೊಂದುತ್ತದೆ. ಆಗ ‘ಇವರೇ ಅವರಾ?’ ಎಂದು ಹೇಳಲು ಚಹರೆ ಹೋಲಿಕೆಯ ತಜ್ಞರನ್ನು ಕರೆಯುತ್ತಾರೆ. ಅಪರಾಧ ತನಿಖೆಯಲ್ಲಿ ಬೆಳೆದ ಈ ವಿದ್ಯೆ ಈಗ ಇತಿಹಾಸಕಾರರ, ಹರಾಜು ಸಂಸ್ಥೆಗಳ, ಟಿವಿ ಚಾನೆಲ್‌ಗಳ ಕೈಗೂ ಬಂದಿದೆ. ಕಳೆದ ಕೆಲವು ದಶಕಗಳ ದೊಡ್ಡ ದೊಡ್ಡ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮುಖವನ್ನು ಮೊದಲ ಸಾಕ್ಷಿಯಾಗಿ ಕರೆದವರು ಎಡವಿದ್ದೇ ಹೆಚ್ಚು. ಅದನ್ನು ಕೊನೆಗೆ ಕರೆದವರಿಗೆ ಅದೇ ಮುಖ ಉಪಕಾರ ಮಾಡಿದೆ.

ಎಡವಿದವರ ಪೈಕಿ ಅತಿ ಸದ್ದು ಮಾಡಿದ್ದು 2017ರ ಪ್ರಕರಣ. ಅಮೆರಿಕದ ವಿಮಾನ ಚಾಲಕಿ ಅಮೀಲಿಯಾ ಇಯರ್‌ಹಾರ್ಟ್ ಭೂಮಿಗೆ ಒಂದು ಸುತ್ತು ಹಾಕಲು ಹೊರಟು 1937ರ ಜುಲೈ 2ರಂದು ಪೆಸಿಫಿಕ್ ಸಾಗರದ ಮೇಲೆ ಕಾಣೆಯಾದರು. ಜೊತೆಗಿದ್ದವರು ನ್ಯಾವಿಗೇಟರ್ ಫ್ರೆಡ್ ನೂನನ್. ವಿಮಾನವೂ ಸಿಗಲಿಲ್ಲ, ದೇಹಗಳೂ ಸಿಗಲಿಲ್ಲ. 80 ವರ್ಷಗಳ ನಂತರ ಹಿಸ್ಟರಿ ಚಾನೆಲ್, ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಒಂದು ಫೋಟೋವನ್ನು ಮುಂದಿಟ್ಟು ಎರಡು ಗಂಟೆಯ ಕಾರ್ಯಕ್ರಮ ಮಾಡಿತು. ಅಡಿಯಲ್ಲಿದ್ದ ಬರಹದ ಪ್ರಕಾರ ಅದು ಮಾರ್ಷಲ್ ದ್ವೀಪಗಳ ಜಾಲುಯಿಟ್ ಬಂದರು. ಕಟ್ಟೆಯ ಮೇಲೆ ಹತ್ತಾರು ಜನ. ಎಡಕ್ಕೆ ಒಬ್ಬ ಬಿಳಿಯ ಗಂಡಸು ನಿಂತಿದ್ದಾನೆ. ನಡುವೆ ಗಿಡ್ಡ ಕೂದಲಿನ ಒಬ್ಬರು ಕ್ಯಾಮೆರಾಗೆ ಬೆನ್ನು ಹಾಕಿ ಕಟ್ಟೆಯ ಅಂಚಿನಲ್ಲಿ ಕುಳಿತಿದ್ದಾರೆ. ಬಲಕ್ಕೆ ದೂರದಲ್ಲಿ ಒಂದು ಹಡಗು, ಅದು ಎಳೆದೊಯ್ಯುತ್ತಿರುವ ಏನೋ ಒಂದು ಮಸುಕು ವಸ್ತು.

ಕಾರ್ಯಕ್ರಮಕ್ಕೆ ಕರೆಸಿದ್ದ ತಜ್ಞರು ನಿಂತವನ ಮುಂದಲೆಯ ಕೂದಲಿನ ಗೆರೆಯನ್ನೂ ಮೂಗನ್ನೂ ನೂನನ್ನರ ಫೋಟೋಗೆ ಹೋಲಿಸಿದರು. ಕುಳಿತವರ ಮುಖವೇ ಕಾಣದ ಕಾರಣ ಬೆನ್ನಿನ ಅಳತೆಯನ್ನು ಇಯರ್‌ಹಾರ್ಟ್‌ರ ಮೈಕಟ್ಟಿಗೆ ಹೊಂದಿಸಿದರು. ಮಸುಕು ವಸ್ತುವೇ ವಿಮಾನ ಎಂದಾಯಿತು. ಅಲ್ಲಿಗೆ ಕಥೆ ಪೂರ್ತಿ: ಇಬ್ಬರೂ ಬದುಕುಳಿದರು, ಜಪಾನೀಯರ ಕೈಗೆ ಸಿಕ್ಕಿಬಿದ್ದರು. 2017ರ ಜುಲೈ 9ರಂದು ಕಾರ್ಯಕ್ರಮ ಪ್ರಸಾರವಾಯಿತು.

ಜಪಾನಿನ ಸೇನಾ ಇತಿಹಾಸದ ಬಗ್ಗೆ ಬರೆಯುವ ಕೋಟಾ ಯಮಾನೊ ಎಂಬ ಬ್ಲಾಗರ್‌ಗೆ ಇದು ನಂಬಲು ಕಷ್ಟವಾಯಿತು. ಅವರು ಯಾರ ಮುಖವನ್ನೂ ಅಳೆಯಲಿಲ್ಲ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಡಿಜಿಟಲ್ ಸಂಗ್ರಹಕ್ಕೆ ಹೋಗಿ, ಜಾಲುಯಿಟ್ ಹೆಸರನ್ನು ಜಪಾನಿ ಭಾಷೆಯಲ್ಲಿ ಟೈಪ್ ಮಾಡಿದರು. ಅರ್ಧ ಗಂಟೆಯಲ್ಲಿ ಅದೇ ಫೋಟೋ ಸಿಕ್ಕಿತು. ದಕ್ಷಿಣ ಸಮುದ್ರದ ದ್ವೀಪಗಳ ಒಂದು ಸಚಿತ್ರ ಪುಸ್ತಕದಲ್ಲಿ ಅದು ಅಚ್ಚಾಗಿತ್ತು. ಪುಸ್ತಕ ಪಲಾವ್ ದ್ವೀಪದಲ್ಲಿ ಪ್ರಕಟವಾದದ್ದು 1935ರ ಅಕ್ಟೋಬರ್‌ನಲ್ಲಿ, ಅಂದರೆ ಇಯರ್‌ಹಾರ್ಟ್ ಕಾಣೆಯಾಗುವುದಕ್ಕೆ ಸುಮಾರು ಎರಡು ವರ್ಷ ಮೊದಲು. ಅಷ್ಟೇ. ಕಾರ್ಯಕ್ರಮ ತಯಾರಿಸಿದವರು ತಜ್ಞರ ವಿಮಾನ ಟಿಕೆಟ್‌ಗೆ ಕೊಟ್ಟ ಹಣದಲ್ಲಿ ಚೂರನ್ನು ಒಬ್ಬ ಗ್ರಂಥಪಾಲಕರಿಗೆ ಕೊಟ್ಟಿದ್ದರೂ ಸಾಕಿತ್ತು.

ಬೆನ್ನು ನೋಡಿ ಹೆಸರು ಹೇಳಿದ್ದನ್ನು ಬದಿಗಿಡೋಣ. ಮುಖ ಸ್ಪಷ್ಟವಾಗಿ ಕಾಣುವ ಫೋಟೋದಲ್ಲೂ ಹಳೆಯ ಕ್ಯಾಮೆರಾ ಏನೇನು ಆಟ ಆಡಿದೆ ಎಂಬುದು ಗೊತ್ತಿರಬೇಕು. 1850ರ ದಶಕದಿಂದ ಸುಮಾರು ಮೂರು ದಶಕ ಸ್ಟುಡಿಯೋಗಳನ್ನು ಆಳಿದ್ದು ಒದ್ದೆ ಕೊಲೋಡಿಯನ್ ವಿಧಾನ. ಆ ರಾಸಾಯನಿಕ ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಕೆಂಪು, ಹಳದಿ ಅದರ ಪಾಲಿಗೆ ಹೆಚ್ಚುಕಡಿಮೆ ಕತ್ತಲು. ಹಾಗಾಗಿ ನೀಲಿ ಕಣ್ಣು ಬಿಳಿಚಿಕೊಂಡು ಭೂತದ ಕಣ್ಣಿನಂತಾಗುತ್ತಿತ್ತು, ಕೆಂಗೂದಲು ಕಪ್ಪಾಗುತ್ತಿತ್ತು, ಕೆನ್ನೆಯ ನಸುಕಂದು ಚುಕ್ಕೆಗಳು ಎದ್ದು ಕಾಣುತ್ತಿದ್ದವು. ಕಣ್ಣಿನ ಬಣ್ಣ ತಿಳಿಯಾಗಿದೆ, ಆದ್ದರಿಂದ ಇವನೇ ಅವನು ಎಂದು ವಾದಿಸುವವರು ಈ ರಸಾಯನಶಾಸ್ತ್ರವನ್ನು ಮರೆತಿರುತ್ತಾರೆ. ಲೆನ್ಸಿನದು ಇನ್ನೊಂದು ಕಥೆ. ಕ್ಯಾಮೆರಾ ತೀರಾ ಹತ್ತಿರವಿದ್ದರೆ, ಸ್ಟೀಲ್ ಚಮಚದ ಬೆನ್ನಿನಲ್ಲಿ ಮುಖ ನೋಡಿಕೊಂಡಂತೆ ಮೂಗು ಊದಿ ಕಿವಿ ಹಿಂದೆ ಸರಿಯುತ್ತದೆ. ಒಂದೇ ಮನುಷ್ಯನನ್ನು ಮೂರಡಿಯಿಂದಲೂ ಹತ್ತಡಿಯಿಂದಲೂ ತೆಗೆದರೆ ಕಣ್ಣು, ಮೂಗು, ಬಾಯಿಗಳ ನಡುವಿನ ಅಳತೆಯ ಅನುಪಾತವೇ ಬದಲಾಗುತ್ತದೆ. ಸಾಲದ್ದಕ್ಕೆ ಸ್ಟುಡಿಯೋದವರ ಪೆನ್ಸಿಲ್. ನೆಗೆಟಿವ್ ಮೇಲೆ ಸೂಕ್ಷ್ಮವಾಗಿ ಗೀಚಿ ಸುಕ್ಕು ತೆಗೆಯುವುದು, ಮಚ್ಚೆ ಅಳಿಸುವುದು, ಗಲ್ಲ ತಿದ್ದುವುದು ಆಗಿನ ಕಾಲದ ಮಾಮೂಲಿ ಸೇವೆ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಫೋಟೋಗೆ ಬಣ್ಣ ಬಳಿದು, ಮೀಸೆ ದಪ್ಪ ಮಾಡಿ, ಇಲ್ಲದ ಒಡವೆ ತೊಡಿಸಿ ಕೊಟ್ಟದ್ದೂ ಉಂಟು.

ಕೆಲವು ಫೋಟೋಗಳಲ್ಲಂತೂ ಎಡ-ಬಲವೇ ಅದಲುಬದಲು. ಡಾಗೆರೋಟೈಪ್ ಮತ್ತು ತಗಡಿನ ಮೇಲೆ ನೇರವಾಗಿ ಮೂಡಿಸುವ ಟಿನ್‌ಟೈಪ್‌ಗೆ ನೆಗೆಟಿವ್ ಇರುವುದಿಲ್ಲ, ಆದ್ದರಿಂದ ಬಿಂಬ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಅಮೆರಿಕದ ಕುಖ್ಯಾತ ಬಂದೂಕುಕೋರ ಬಿಲ್ಲಿ ದ ಕಿಡ್ ಈ ಕಾರಣಕ್ಕೇ ದಶಕಗಳ ಕಾಲ ಎಡಚನಾಗಿ ಬದುಕಿದ. ಅವನದ್ದೆಂದು ಎಲ್ಲರೂ ಒಪ್ಪಿದ ಟಿನ್‌ಟೈಪ್‌ನಲ್ಲಿ ಪಿಸ್ತೂಲು ಎಡ ಸೊಂಟದಲ್ಲಿದೆ. ಅದನ್ನು ನಂಬಿಯೇ 1958ರಲ್ಲಿ ಪಾಲ್ ನ್ಯೂಮನ್ ನಾಯಕನಾಗಿ ‘ದ ಲೆಫ್ಟ್ ಹ್ಯಾಂಡೆಡ್ ಗನ್’ ಎಂಬ ಸಿನಿಮಾ ಬಂತು. ನಿಜ ಹೇಳಿದ್ದು ಅವನ ಕೈಲಿದ್ದ ರೈಫಲ್. 1873ರ ಮಾದರಿಯ ವಿಂಚೆಸ್ಟರ್‌ಗೆ ತೋಟಾ ತುಂಬುವ ಕಿಂಡಿ ಇರುವುದು ಬಲಗಡೆ. ಫೋಟೋದಲ್ಲಿ ಅದು ಎಡಗಡೆ ಕಾಣುತ್ತದೆ. ರೈಫಲ್ ತಿರುಗಿದೆ ಎಂದರೆ ಮನುಷ್ಯನೂ ತಿರುಗಿದ್ದಾನೆ. ಮುಖದ ಎಡ-ಬಲ ಗೊತ್ತಿಲ್ಲದೆ ಮಚ್ಚೆ, ಗಾಯದ ಗುರುತು, ವಾರೆ ಬೈತಲೆ ಹೋಲಿಸುವವರು ಇಲ್ಲಿ ಪಾಠ ಕಲಿಯಬಹುದು.

ಈ ಟಿನ್‌ಟೈಪ್ 2011ರ ಹರಾಜಿನಲ್ಲಿ 23 ಲಕ್ಷ ಡಾಲರ್‌ಗೆ ಹೋಯಿತು. ಹಣದ ವಾಸನೆ ಬಂದ ಮೇಲೆ ಕೇಳಬೇಕೇ? ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ 2010ರಲ್ಲಿ ಒಬ್ಬರು 2 ಡಾಲರ್ ಕೊಟ್ಟು ಕೊಂಡಿದ್ದ ಹಳೆಯ ತಗಡಿನ ಫೋಟೋದಲ್ಲಿ ಕ್ರೋಕೆ ಆಡುತ್ತಿರುವ ಗುಂಪೊಂದಿತ್ತು. ಅದರಲ್ಲೊಬ್ಬ ಬಿಲ್ಲಿಯೇ ಎಂದು ಮುಖ ಹೋಲಿಕೆಯ ಸಾಫ್ಟ್‌ವೇರ್ ಹಿಡಿದು ವಾದ ಮಂಡನೆಯಾಯಿತು, ಬೆಲೆ 50 ಲಕ್ಷ ಡಾಲರ್ ಎಂಬ ಅಂದಾಜೂ ಬಂತು. ಆದರೆ ಆ ಕಾಲದ ಇತಿಹಾಸ ಬಲ್ಲ ಹಲವರು ಇವತ್ತಿಗೂ ಒಪ್ಪಿಲ್ಲ. ಆ ಗುಂಪಿನ ಮುಖಗಳು ಒಂದೊಂದೂ ಉಗುರಿಗಿಂತ ಚಿಕ್ಕವು.

ಹಾಗಾದರೆ ಈ ವಿದ್ಯೆ ಪೂರ್ತಿ ಬೊಗಳೆಯೇ? ಅಲ್ಲ.

ಅದರ ಬೇರು ಪ್ಯಾರಿಸಿನ ಪೊಲೀಸ್ ಕಚೇರಿಯಲ್ಲಿದೆ. ಅಲ್ಲಿ ಗುಮಾಸ್ತನಾಗಿದ್ದ ಅಲ್ಫಾನ್ಸ್ ಬೆರ್ಟಿಲಾನ್ 1880ರ ದಶಕದಲ್ಲಿ ಕೈದಿಗಳ ದೇಹದ 11 ಅಳತೆಗಳನ್ನು ಕಾರ್ಡಿನಲ್ಲಿ ದಾಖಲಿಸುವ ಪದ್ಧತಿ ತಂದ. ತಲೆಯ ಉದ್ದಗಲ, ಎಡ ಪಾದ, ನಡುಬೆರಳು, ಬಲ ಕಿವಿ. ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯುವ ಪೊಲೀಸ್ ರೂಢಿಯನ್ನು ವ್ಯವಸ್ಥಿತಗೊಳಿಸಿದವನೂ ಅವನೇ. ಚಹರೆಯನ್ನು ಮಾತಿನಲ್ಲಿ ಕಟ್ಟಿಕೊಡಲು ಒಂದು ಪದಕೋಶವನ್ನೇ ಮಾಡಿಟ್ಟ. ನಮ್ಮ ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳಲ್ಲಿ ಇವತ್ತಿಗೂ ಬರುವ ‘ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು’ ಓದಿದಾಗ ಬೆರ್ಟಿಲಾನ್ ನೆನಪಾಗದೆ ಇರುವುದಿಲ್ಲ. ಆ ವಿವರ ಓದಿ ಬಸ್ ಸ್ಟ್ಯಾಂಡಿಗೆ ಹೋದರೆ ಅರ್ಧ ಬಸ್ ಸ್ಟ್ಯಾಂಡ್ ಕಾಣೆಯಾದವರೇ. ಅಳತೆಯ ಪದ್ಧತಿ ಭಾರತಕ್ಕೂ ಬಂದಿತ್ತು. ಆದರೆ 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚಿನ ಕಚೇರಿ ಶುರುವಾದ ಮೇಲೆ ಅಳತೆಪಟ್ಟಿಗಳು ಮೂಲೆ ಸೇರಿದವು. ಬೆರಳಚ್ಚು ವಯಸ್ಸಾದರೂ ಬದಲಾಗುವುದಿಲ್ಲ, ಮುಖ ಬದಲಾಗುತ್ತದೆ.

ಮುಖದಲ್ಲಿ ಬೆರ್ಟಿಲಾನ್ ಅತಿ ಹೆಚ್ಚು ನಂಬಿದ್ದು ಕಿವಿಯನ್ನು. ಕಾರಣವಿದೆ. ನಕ್ಕರೂ ಅತ್ತರೂ ಕಿವಿಯ ಆಕಾರ ಬದಲಾಗದು, ಗಡ್ಡ ಬಿಟ್ಟರೆ ಮುಚ್ಚಿಹೋಗದು. ಹೊರ ಅಂಚಿನ ಮಡಿಕೆ, ಒಳಗಿನ ಏಣು, ರಂಧ್ರದ ಮುಂದಿನ ಪುಟ್ಟ ಗಂಟು, ಹಾಲೆ ಕೆನ್ನೆಗೆ ಅಂಟಿದೆಯೇ ಬಿಡಿಯಾಗಿ ಜೋತಿದೆಯೇ ಎಂಬುದು, ಎಲ್ಲವೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ವಯಸ್ಸಾದಂತೆ ಹಾಲೆ ಇಳಿಬೀಳುತ್ತದೆ ಎಂಬುದೊಂದನ್ನು ನೆನಪಿಟ್ಟರಾಯಿತು.

ಆದರೂ ಕಿವಿಯೇ ಕೈಕೊಟ್ಟ ಪ್ರಸಿದ್ಧ ಕಥೆಯೊಂದಿದೆ. 1920ರಲ್ಲಿ ಬರ್ಲಿನ್ನಿನ ಕಾಲುವೆಯಿಂದ ಮೇಲೆತ್ತಿದ ಯುವತಿಯೊಬ್ಬಳು ಮುಂದೆ ತಾನು ರಷ್ಯಾದ ಝಾರ್ ದೊರೆಯ ಕಿರಿಯ ಮಗಳು ಅನಸ್ತಾಸಿಯಾ ಎಂದಳು. ಇಡೀ ಕುಟುಂಬವನ್ನು 1918ರಲ್ಲಿ ಬೋಲ್ಶೆವಿಕರು ಗುಂಡಿಟ್ಟು ಕೊಂದಿದ್ದರು. ತಾನೊಬ್ಬಳು ಪಾರಾದೆ ಎಂಬುದು ಆಕೆಯ ವಾದ. ಆನಾ ಆ್ಯಂಡರ್‌ಸನ್ ಎಂಬ ಹೆಸರಿನಲ್ಲಿ ಬದುಕಿದ ಆಕೆಯ ಪರ-ವಿರುದ್ಧ ಜರ್ಮನಿಯ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ದಾವೆ ನಡೆಯಿತು. 1970ರಲ್ಲಿ ಅದು ಮುಗಿದಾಗ ಆಕೆ ಅನಸ್ತಾಸಿಯಾ ಹೌದು ಎಂದೂ ಆಗಲಿಲ್ಲ, ಅಲ್ಲ ಎಂದೂ ಆಗಲಿಲ್ಲ. 1977ರಲ್ಲಿ ಜರ್ಮನಿಯ ಹೆಸರಾಂತ ವಿಧಿವಿಜ್ಞಾನ ತಜ್ಞ ಮೊರಿಟ್ಸ್ ಫುರ್ಟ್‌ಮಾಯರ್ ಇಬ್ಬರ ಕಿವಿಯ ಫೋಟೋಗಳನ್ನು ಹೋಲಿಸಿ 17 ಅಂಶಗಳು ಹೊಂದುತ್ತವೆ ಎಂದರು. ಅಲ್ಲಿನ ನ್ಯಾಯಾಲಯಗಳಿಗೆ 12 ಸಾಕಿತ್ತು. ನಂಬಿದವರಿಗೆ ಹಬ್ಬ.

ಆನಾ 1984ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ತೀರಿಕೊಂಡರು. ಹಿಂದೆ ಆಗಿದ್ದ ಶಸ್ತ್ರಚಿಕಿತ್ಸೆಯೊಂದರ ಅಂಗಾಂಶದ ಚೂರು ಅಲ್ಲಿನ ಆಸ್ಪತ್ರೆಯಲ್ಲಿ ಉಳಿದಿತ್ತು. 1994ರಲ್ಲಿ ಅದರ ಡಿಎನ್ಎ ಪರೀಕ್ಷೆ ನಡೆಯಿತು. ಝಾರ್ ಪತ್ನಿಯ ವಂಶಕ್ಕೆ ಸೇರಿದ ಬ್ರಿಟನ್ನಿನ ರಾಜಕುಮಾರ ಫಿಲಿಪ್‌ರ ಮಾದರಿಗೆ ಅದು ತಾಳೆಯಾಗಲಿಲ್ಲ. ಫ್ರಾನ್ಸಿಸ್ಕಾ ಶಾಂಟ್ಸ್‌ಕೋವ್‌ಸ್ಕಾ ಎಂಬ ಪೋಲಿಷ್ ಕಾರ್ಖಾನೆ ಕಾರ್ಮಿಕಳ ಸಂಬಂಧಿಯ ಮಾದರಿಗೆ ತಾಳೆಯಾಯಿತು. 17 ಅಂಶಗಳು ಗಾಳಿಗೆ ಹಾರಿಹೋದವು.

ನಮ್ಮಲ್ಲೂ ಇಂಥದ್ದೊಂದು ಕಥೆ ಆಗಾಗ ತಲೆ ಎತ್ತುತ್ತದೆ. 1966ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಹೋಗಿದ್ದ ತಾಷ್ಕೆಂಟ್ ಮಾತುಕತೆಯ ಚಿತ್ರಗಳಲ್ಲಿ ಕನ್ನಡಕ ಧರಿಸಿದ ಒಬ್ಬ ವ್ಯಕ್ತಿ ಕಾಣುತ್ತಾರೆ. ಅವರು ಸುಭಾಷ್‌ಚಂದ್ರ ಬೋಸರೇ ಎನ್ನುವವರು ಬ್ರಿಟನ್ನಿನ ತಜ್ಞರೊಬ್ಬರಿಂದ ಮುಖ ಹೋಲಿಕೆಯ ವರದಿ ತರಿಸಿ 2015ರಲ್ಲಿ ಮುಂದಿಟ್ಟರು. ವರದಿ ಅವರ ವಾದಕ್ಕೆ ಅನುಕೂಲವಾಗಿಯೇ ಇತ್ತು. ಆನಾ ಪ್ರಕರಣದಲ್ಲಿ ಕೊನೆಗಾದರೂ ಅಂಗಾಂಶದ ಚೂರೊಂದಿತ್ತು. ಇಲ್ಲಿ ಮುಖವೇ ಆರಂಭ, ಮುಖವೇ ಅಂತ್ಯ. ಪತ್ರವಿಲ್ಲ, ಕಂಡು ಮಾತಾಡಿದವರ ಸಾಕ್ಷ್ಯವಿಲ್ಲ. ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಆಧಾರದ ಮೇಲೆ ನಿಲ್ಲಿಸಲಾಗದು.

ಪ್ರಪಂಚದಲ್ಲಿ ಒಬ್ಬರ ಹಾಗೆ ಏಳು ಜನ ಇರುತ್ತಾರೆ ಎಂದು ಹಿರಿಯರು ಹೇಳುವುದುಂಟು. ಲೆಕ್ಕ ಹಾಕಿದರೆ ಏಳು ತೀರಾ ಕಡಿಮೆ. ಒಂದು ಬಗೆಯ ಹೋಲಿಕೆ ಸಾವಿರಕ್ಕೆ ಒಬ್ಬರಲ್ಲಿ ಮಾತ್ರ ಸಿಗುವಷ್ಟು ಅಪರೂಪ ಅಂದುಕೊಳ್ಳೋಣ. ಆದರೂ ಬೆಂಗಳೂರಿನಂಥ ಒಂದು ಕೋಟಿ ಜನರ ಊರಿನಲ್ಲಿ ಅಂಥವರು ಹತ್ತು ಸಾವಿರ! ರಕ್ತಸಂಬಂಧ ಸೇರಿದರೆ ಕೇಳುವುದೇ ಬೇಡ. ಬ್ರಿಟನ್ನಿನ ಐದನೇ ಜಾರ್ಜ್ ಮತ್ತು ರಷ್ಯಾದ ಎರಡನೇ ನಿಕೊಲಸ್ 1913ರಲ್ಲಿ ಬರ್ಲಿನ್ನಿನ ಮದುವೆಯೊಂದರಲ್ಲಿ ಒಟ್ಟಿಗೆ ನಿಂತು ತೆಗೆಸಿಕೊಂಡ ಫೋಟೋ ಇದೆ. ಅದೇ ಗಡ್ಡ, ಅದೇ ಕಣ್ಣು, ಅದೇ ನಿಲುವು. ಇಬ್ಬರ ತಾಯಂದಿರೂ ಅಕ್ಕತಂಗಿಯರು.

ಅಪರಿಚಿತ ಮುಖಗಳನ್ನು ಹೋಲಿಸುವುದರಲ್ಲಿ ಮನುಷ್ಯರು ತಾವು ಅಂದುಕೊಂಡಷ್ಟು ಜಾಣರಲ್ಲ. ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಸಂಶೋಧಕರು ಪರೀಕ್ಷೆಗೆ ಒಡ್ಡಿದಾಗ, ಎದುರಿಗೆ ನಿಂತ ವ್ಯಕ್ತಿ ಹಿಡಿದಿದ್ದ ಬೇರೆಯವರ ಫೋಟೋವನ್ನು ಅವರು ಶೇ 14ರಷ್ಟು ಸಲ ‘ಹೌದು, ಇವರದೇ’ ಎಂದು ಒಪ್ಪಿಬಿಟ್ಟರು. ದಿನವಿಡೀ ಇದೇ ಕೆಲಸ ಮಾಡುವವರು ಅವರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೇವಾನುಭವ ಹೆಚ್ಚಿದ್ದರಿಂದ ತಪ್ಪು ಕಡಿಮೆಯಾಗಲೂ ಇಲ್ಲ. ಗೊತ್ತಿರುವ ಮುಖವಾದರೆ ಬೇರೆ ಮಾತು. ಮನೆಯವರನ್ನು ಎಷ್ಟೇ ಮಸುಕು ಫೋಟೋದಲ್ಲೂ ಗುರುತಿಸುತ್ತೇವೆ. ಆ ಸಾಮರ್ಥ್ಯ ಅಪರಿಚಿತರಿಗೂ ಅನ್ವಯಿಸುತ್ತದೆಂಬ ಭ್ರಮೆಯೇ ಹಳೆಯ ಫೋಟೋಗಳ ಅರ್ಧ ಅವಾಂತರಕ್ಕೆ ಕಾರಣ.

ತರಬೇತಿ ಪಡೆದ ಪರೀಕ್ಷಕರ ದಾರಿ ಬೇರೆ. ಅಮೆರಿಕದಲ್ಲಿ ಈ ವಿದ್ಯೆಗೆ ನಿಯಮ ರೂಪಿಸುವ ಎಫ್‌ಐಎಸ್‌ಡಬ್ಲ್ಯುಜಿ ಎಂಬ ತಜ್ಞರ ತಂಡ ಸ್ಪಷ್ಟವಾಗಿ ಹೇಳುವಂತೆ, ಫೋಟೋ ಮೇಲೆ ಸ್ಕೇಲ್ ಇಟ್ಟು ಅಂತರ ಅಳೆಯುವುದು ನೆಚ್ಚಿಕೊಳ್ಳುವಂಥದ್ದಲ್ಲ. ಒಂದರ ಮೇಲೊಂದು ಮುಖ ಹೊಂದಿಸಿ ಟಿವಿಯಲ್ಲಿ ತೋರಿಸುವ ಮ್ಯಾಜಿಕ್ಕೂ ಒಂಟಿಯಾಗಿ ನಿಲ್ಲದು. ಮುಖವನ್ನು ಬಿಡಿ ಭಾಗಗಳಾಗಿ ಒಡೆದು, ಒಂದೊಂದರ ಆಕಾರವನ್ನೂ ಬರೆದುಕೊಂಡು ಹೋಲಿಸುವುದೇ ಒಪ್ಪಿತ ವಿಧಾನ. ಗುರುತು ಗೊತ್ತಿಲ್ಲದ ಫೋಟೋವನ್ನು ಮೊದಲು ಒಂಟಿಯಾಗಿ ನೋಡಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಗೊತ್ತಿರುವ ಫೋಟೋ ಆಮೇಲೆ. ಮೊದಲೇ ನೋಡಿಬಿಟ್ಟರೆ ಕಣ್ಣು ಬೇಕಾದ್ದನ್ನೇ ಹುಡುಕುತ್ತದೆ. ಪ್ರತಿ ವ್ಯತ್ಯಾಸಕ್ಕೂ ಒಂದೇ ಪ್ರಶ್ನೆ: ಬೆಳಕು, ವಯಸ್ಸು, ಲೆನ್ಸ್, ತೂಕದಿಂದ ಇದನ್ನು ವಿವರಿಸಲು ಸಾಧ್ಯವೇ? ವಿವರಿಸಲಾಗದ ಒಂದೇ ಒಂದು ವ್ಯತ್ಯಾಸ ಸಿಕ್ಕಿದರೂ ‘ಇವರಲ್ಲ’ ಎನ್ನಬಹುದು. ಇಪ್ಪತ್ತು ಸಾಮ್ಯಗಳು ಸಿಕ್ಕಿದರೂ ‘ಇವರೇ’ ಎನ್ನಲಾಗದು. ಕೊನೆಗೆ ಇನ್ನೊಬ್ಬ ಪರೀಕ್ಷಕರು ಮೊದಲಿನವರ ತೀರ್ಮಾನ ನೋಡದೆ ಮತ್ತೆ ಅದೇ ಕೆಲಸ ಮಾಡುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಹುಡುಕಾಟದ ವೇಗ ಹೆಚ್ಚಿದೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಕರ್ಟ್ ಲೂಥರ್ 2013ರಲ್ಲಿ ಪಿಟ್ಸ್‌ಬರ್ಗ್‌ನ ಪ್ರದರ್ಶನವೊಂದರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ತಮ್ಮದೇ ಪೂರ್ವಜರೊಬ್ಬರ ಫೋಟೋ ಕಂಡು ಬೆರಗಾದರು. ಆ ಬೆರಗಿನಿಂದ ಹುಟ್ಟಿ 2018ರಲ್ಲಿ ಹೊರಬಂದದ್ದು ‘ಸಿವಿಲ್ ವಾರ್ ಫೋಟೋ ಸ್ಲೂತ್’. ಹೆಸರಿಲ್ಲದ ಸೈನಿಕನ ಫೋಟೋ ಹಾಕಿದರೆ ಅದು ಮುಖದ ಮೇಲಿನ 27 ಬಿಂದುಗಳನ್ನು ಗುರುತಿಸಿ ಹೋಲುವ ಮುಖಗಳನ್ನು ತರುತ್ತದೆ. ಅದಕ್ಕೂ ಮೊದಲು ಬಳಕೆದಾರರು ಭುಜಪಟ್ಟಿ, ಕೋಟಿನ ಗುಂಡಿ, ಟೋಪಿಯ ಬಿಲ್ಲೆ ನೋಡಿ ದರ್ಜೆ, ದಳ, ರಾಜ್ಯ ತುಂಬಬೇಕು. ಜರಡಿ ಹಿಡಿಯುವುದು ಸಮವಸ್ತ್ರ. ಮುಖದ ಸರದಿ ಆಮೇಲೆ. ಹಾಗೆಯೇ, ಹೋಲೊಕಾಸ್ಟ್‌ನಿಂದ ಪಾರಾದವರ ಮೊಮ್ಮಗನಾದ ಸಾಫ್ಟ್‌ವೇರ್ ಎಂಜಿನಿಯರ್ ಡೇನಿಯಲ್ ಪ್ಯಾಟ್ ಕಟ್ಟಿದ ‘ನಂಬರ್ಸ್ ಟು ನೇಮ್ಸ್’, ಕುಟುಂಬದವರು ಕೊಟ್ಟ ಫೋಟೋಗೆ ಹೋಲುವ ಹತ್ತು ಮುಖಗಳನ್ನು ಪತ್ರಾಗಾರದ ಸಾವಿರಾರು ಚಿತ್ರಗಳಿಂದ ಹೆಕ್ಕಿ ಕೊಡುತ್ತದೆ. ಇವರೇ ಎಂದು ತೀರ್ಪು ಕೊಡುವುದಿಲ್ಲ. ಮನೆಯವರು ನೋಡಿ ಹೇಳಬೇಕು. ಗುರುತಿಸಬಲ್ಲ ಕಣ್ಣುಗಳು ಈಗ ತೊಂಬತ್ತರ ಆಚೀಚೆಯಲ್ಲಿವೆ, ಹಾಗಾಗಿ ಅವರಿಗೆ ಅವಸರ. ಯಂತ್ರ ಮತ್ತು ಪರಿಣತ ಮನುಷ್ಯ ಜೊತೆಗೂಡಿದಾಗ ತಪ್ಪು ಕಡಿಮೆ ಎಂದು 2018ರಲ್ಲಿ ಅಮೆರಿಕದ ಮಾಪನ ಸಂಸ್ಥೆ ನಿಸ್ಟ್‌ನ ಸಂಶೋಧಕರು ಮತ್ತವರ ಜೊತೆಗಾರರು ತೋರಿಸಿದ್ದೂ ಇದಕ್ಕೆ ಹೊಂದುತ್ತದೆ.

ಮುಖವನ್ನು ಕೊನೆಗೆ ಕರೆದು ಗೆದ್ದ ಪ್ರಕರಣಕ್ಕೆ ವಿನ್ಸೆಂಟ್ ವ್ಯಾನ್ ಗೋ ಅವರದ್ದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ತನ್ನ ಮುಖವನ್ನು ಹತ್ತಾರು ಸಲ ಬಣ್ಣದಲ್ಲಿ ಬರೆದುಕೊಂಡ ಈ ಡಚ್ ಕಲಾವಿದ ಕ್ಯಾಮೆರಾ ಎದುರು ಕುಳಿತದ್ದು ತೀರಾ ಕಡಿಮೆ. ಎರಡೇ ಭಾವಚಿತ್ರಗಳಿವೆ ಎಂದು ಜಗತ್ತು ನಂಬಿತ್ತು: ಒಂದು 19ರ ಪ್ರಾಯದ್ದು, ಇನ್ನೊಂದು 13ರ ಹುಡುಗನದ್ದು. ಹುಡುಗನ ಫೋಟೋ 1957ರಲ್ಲಿ ಬೆಳಕಿಗೆ ಬಂದಂದಿನಿಂದ ಪುಸ್ತಕಗಳಲ್ಲೆಲ್ಲ ಅಚ್ಚಾಗಿತ್ತು. 2014ರಲ್ಲಿ ಬೆಲ್ಜಿಯಂನ ಈವ್ ವಾಸ್ಯೂರ್ ಫೋಟೋ ತೆಗೆದವನ ಬೆನ್ನು ಹತ್ತಿದರು. ಬಾಲ್ಡುಯಿನ್ ಶ್ವಾರ್ಟ್ಸ್ ಎಂಬ ಆ ಛಾಯಾಗ್ರಾಹಕ ಬ್ರಸೆಲ್ಸ್‌ನಲ್ಲಿ ಸ್ಟುಡಿಯೋ ತೆರೆದದ್ದೇ 1870ರಲ್ಲಿ. 1853ರಲ್ಲಿ ಹುಟ್ಟಿದ ವಿನ್ಸೆಂಟ್‌ಗೆ ಆಗಲೇ 17. ಹದಿಮೂರರ ಹುಡುಗನಾಗಿ ಅವನು ಅಲ್ಲಿ ಕುಳಿತಿರಲು ಸಾಧ್ಯವೇ ಇಲ್ಲ. ನಾಲ್ಕು ವರ್ಷ ಕಿರಿಯ ತಮ್ಮ ಥಿಯೊ 1873ರ ಆರಂಭದಲ್ಲಿ ಕೆಲಸಕ್ಕೆಂದು ಬ್ರಸೆಲ್ಸ್‌ಗೆ ಹೋಗಿದ್ದ, ಆಗ ಅವನಿಗೆ 15.

ಇಷ್ಟಾದ ಮೇಲೆ ಆಮ್‌ಸ್ಟರ್‌ಡ್ಯಾಂನ ವ್ಯಾನ್ ಗೋ ಮ್ಯೂಸಿಯಂ, ಅಲ್ಲಿನ ವಿಶ್ವವಿದ್ಯಾಲಯದ ವಿಧಿವಿಜ್ಞಾನಿ ಜೆನೊ ಹೆರಾಟ್ಸ್‌ರಿಂದ ಮುಖಗಳ ಹೋಲಿಕೆ ಮಾಡಿಸಿತು. ಪ್ರಶ್ನೆ ಈಗ ‘ಲೋಕದಲ್ಲಿ ಇವನ್ಯಾರು?’ ಎಂಬುದಾಗಿರಲಿಲ್ಲ, ‘ಅಣ್ಣನೋ ತಮ್ಮನೋ?’ ಎಂಬುದಷ್ಟೇ ಆಗಿತ್ತು. ಮುಖ ಹೋಲಿಕೆಗೆ ಉತ್ತರಿಸಲು ಸಾಧ್ಯವಿರುವ ಪ್ರಶ್ನೆ ಅಂಥದ್ದು. ಉತ್ತರ ಥಿಯೊ ಕಡೆಗೆ ವಾಲಿತು. 2018ರ ನವೆಂಬರ್‌ನಲ್ಲಿ ಮ್ಯೂಸಿಯಂ ಅದನ್ನು ಪ್ರಕಟಿಸಿ, ತನ್ನ ಹೆಮ್ಮೆಯ ಫೋಟೋ ಒಂದನ್ನು ತಾನೇ ಕೈಬಿಟ್ಟಿತು. ಅಷ್ಟು ನಿಷ್ಠುರತೆ ಎಲ್ಲ ಸಂಸ್ಥೆಗಳಿಗೂ ಬರುವುದಿಲ್ಲ.

ಅಮೆರಿಕದ ಮರೀನ್ ದಳಕ್ಕೆ ಅದು ಬರಲು 70 ವರ್ಷ ಹಿಡಿಯಿತು. 1945ರ ಫೆಬ್ರುವರಿ 23ರಂದು ಐವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಆರು ಮಂದಿ ಧ್ವಜ ಏರಿಸುವ ಜೋ ರೋಸೆಂಥಾಲ್ ಅವರ ಫೋಟೋ ನೋಡದವರು ಕಡಿಮೆ. ಆದರೆ ಅದರಲ್ಲಿ ಮುಖ ಹುಡುಕಿ ನೋಡಿ: ಒಂದೂ ಸರಿಯಾಗಿ ಸಿಗುವುದಿಲ್ಲ. ಬೆನ್ನು, ಹೆಲ್ಮೆಟ್, ಚಾಚಿದ ಕೈಗಳು. ದೇಶವೆಲ್ಲ ಹೆಸರು ಕೇಳುತ್ತಿದ್ದಾಗ ಯುದ್ಧದ ಗಡಿಬಿಡಿಯಲ್ಲಿ ಆರು ಹೆಸರು ಕೊಟ್ಟರು. ಕಂಬದ ಬುಡದಲ್ಲಿದ್ದವನ ಹೆಸರು ತಪ್ಪೆಂದು ಆರರಲ್ಲೊಬ್ಬನಾದ ಐರಾ ಹೇಯ್ಸ್‌ಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿರಲು ಅವನಿಗೆ ಹೇಳಲಾಯಿತು. ಅತ್ತ ಟೆಕ್ಸಸ್‌ನ ಹಾರ್ಲನ್ ಬ್ಲಾಕ್‌ನ ತಾಯಿ ಪತ್ರಿಕೆಯಲ್ಲಿ ಆ ಬಾಗಿದ ಬೆನ್ನು ನೋಡಿದ ಕ್ಷಣವೇ ತನ್ನ ಮಗ ಎಂದಿದ್ದಳು. ಮನೆಯವರು ನಂಬಲಿಲ್ಲ. 1946ರಲ್ಲಿ ಹೇಯ್ಸ್ ಅರಿಜೋನಾದಿಂದ ಅಷ್ಟು ದೂರ ಹೋಗಿ ಬ್ಲಾಕ್‌ನ ತಂದೆಗೆ ನಿಜ ಹೇಳಿದ. 1947ರಲ್ಲಿ ಹೆಸರು ತಿದ್ದಲಾಯಿತು.

ಉಳಿದ ಎರಡು ತಪ್ಪುಗಳನ್ನು ಹಿಡಿದವರು ಮುಖದ ಗೊಡವೆಗೇ ಹೋಗದ ಹವ್ಯಾಸಿಗಳು. ಆ ದಿನ ಬೆಟ್ಟದ ಮೇಲೆ ತೆಗೆದ ಬೇರೆ ಫೋಟೋಗಳಲ್ಲಿ ನೌಕಾದಳದ ವೈದ್ಯಕೀಯ ಸಹಾಯಕ ಜಾನ್ ಬ್ರಾಡ್ಲಿಯ ಪ್ಯಾಂಟಿನ ತುದಿ ಮಡಿಚಿದೆ, ಸೊಂಟದಲ್ಲಿ ಪಿಸ್ತೂಲಿನ ಬೆಲ್ಟ್ ಇದೆ. ಧ್ವಜ ಏರಿಸುವವರ ಪೈಕಿ ‘ಬ್ರಾಡ್ಲಿ’ ಎನಿಸಿಕೊಂಡವನ ಪ್ಯಾಂಟು ಮಡಿಚಿಲ್ಲ, ಸೊಂಟದಲ್ಲಿರುವುದು ರೈಫಲ್ ತೋಟಾದ ಬೆಲ್ಟ್. ಇದು ಮನುಷ್ಯ ನಿಮಿಷಗಳಲ್ಲಿ ಬದಲಾಯಿಸುವಂಥದ್ದಲ್ಲ. ಅವನು ಫ್ರಾಂಕ್ಲಿನ್ ಸೌಸ್ಲಿ ಎಂದು ಸ್ಥಿರಪಟ್ಟಿತು. ಇಷ್ಟು ದಿನ ಸೌಸ್ಲಿ ಎನಿಸಿಕೊಂಡಿದ್ದವನು, ಹೆಲ್ಮೆಟ್ಟಿನಿಂದ ನೇತಾಡುವ ಪಟ್ಟಿಯ ಗುರುತಿನಿಂದ, ಹೆರಾಲ್ಡ್ ಶುಲ್ಟ್ಸ್ ಎಂದಾಯಿತು. ಲಾಸ್ ಏಂಜಲೀಸ್‌ನಲ್ಲಿ ಅಂಚೆ ಇಲಾಖೆಯ ನೌಕರಿ ಮಾಡಿಕೊಂಡಿದ್ದ ಶುಲ್ಟ್ಸ್ 1995ರಲ್ಲೇ ತೀರಿಕೊಂಡಿದ್ದ. ಮರೀನ್ ದಳ ಇದನ್ನು ಒಪ್ಪಿದ್ದು 2016ರಲ್ಲಿ. ಅಷ್ಟರಲ್ಲಿ ಬ್ರಾಡ್ಲಿಯ ಮಗ ಅಪ್ಪನ ಬಗ್ಗೆ ಪುಸ್ತಕ ಬರೆದು, ಕ್ಲಿಂಟ್ ಈಸ್ಟ್‌ವುಡ್ ಅದನ್ನು ಸಿನಿಮಾ ಮಾಡಿ ಹತ್ತು ವರ್ಷವಾಗಿತ್ತು.

ಮೂರನೆಯದು 2019ರಲ್ಲಿ. ಕಂಬದ ಹಿಂದೆ ಹೆಚ್ಚುಕಡಿಮೆ ಮರೆಯಾಗಿದ್ದ ಸೈನಿಕನ ಎಡಗೈ ಬೆರಳಿನಲ್ಲಿ ಮದುವೆಯ ಉಂಗುರವಿತ್ತು. ಅಲ್ಲಿಯವರೆಗೆ ಅವನೆಂದು ಕರೆಯಲಾಗುತ್ತಿದ್ದ ರೆನೆ ಗ್ಯಾನ್ಯನ್‌ಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಉಂಗುರವಿದ್ದದ್ದು ಅಯೋವಾದ ಹೆರಾಲ್ಡ್ ಕೆಲ್ಲರ್‌ಗೆ. ಎಫ್‌ಬಿಐನ ಡಿಜಿಟಲ್ ಪ್ರಯೋಗಾಲಯ ಫೋಟೋಗಳನ್ನೂ ಅಂದು ತೆಗೆದ ಚಲನಚಿತ್ರದ ತುಣುಕನ್ನೂ ಪರಿಶೀಲಿಸಿ ಹೌದೆಂದಿತು. ಮನೆಯಲ್ಲಿ ಈ ಬಗ್ಗೆ ತುಟಿ ಬಿಚ್ಚದ ಕೆಲ್ಲರ್ 1979ರಲ್ಲೇ ತೀರಿಕೊಂಡಿದ್ದ.

ಆ ಫೋಟೋ ಆಧರಿಸಿದ ಕಂಚಿನ ಸ್ಮಾರಕ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ 1954ರಿಂದ ನಿಂತಿದೆ. ಒಂದೊಂದು ಆಕೃತಿಯೂ 32 ಅಡಿ. ಆರು ಮಂದಿಯ ಹೆಸರನ್ನು ಅದರ ಮೇಲೆ ಕೆತ್ತಿಲ್ಲವಾದ್ದರಿಂದ ಇಷ್ಟೆಲ್ಲ ತಿದ್ದುಪಡಿಯಾದರೂ ಕಲ್ಲಿನಲ್ಲಿ ಅಳಿಸುವಂಥದ್ದೇನೂ ಇರಲಿಲ್ಲ. ಮುಖಗಳ ವಿಷಯ ಹಾಗಲ್ಲ. ಶಿಲ್ಪಿ ಫೆಲಿಕ್ಸ್ ಡಿ ವೆಲ್ಡನ್, ಬದುಕುಳಿದವರೆಂದು ಆಗ ತಿಳಿದಿದ್ದ ಮೂವರನ್ನು ಎದುರಿಗೆ ಕೂರಿಸಿಕೊಂಡು ಅವರ ಚಹರೆಯನ್ನು ಜೇಡಿಮಣ್ಣಿನಲ್ಲಿ ತಿದ್ದಿ ತೀಡಿದ್ದರು. ಅವರಲ್ಲಿ ಇಬ್ಬರು, ಬ್ರಾಡ್ಲಿ ಮತ್ತು ಗ್ಯಾನ್ಯನ್.